ಡೇರಿ ಗೋಡೆಗೆ ಅಂಟಿಸಿದ ಹಾಳೆ

ಹೋದ ತಿಂಗಳ ಸಮಾಲೋಚನಾ ಸಭೆಗೆ ಬಂದಿದ್ದ ಪಕ್ಕದ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪು) ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, "ಸರ್, ಆ ಹಾಳೆ ಫೈಲ್ ನಮಗೂ ಕಳ್ಸಿ" ಅಂದರು. ನಾನು ಶುರು ಮಾಡಿದಾಗ ಇದೇ ಮನುಷ್ಯ, "ಸಂಬಳ ಬರ್ತಿಲ್ವಾ ಅವ್ರಿಗೆ? ಹೊಗಳೋಕೆ ಬೇರೆ ಹಾಳೆ ಬೇಕಾ?" ಅಂತ ನಕ್ಕಿದ್ದರು. ಶಿಕ್ಷಕರು, ಅಡುಗೆಯವರು ಮಾಡಿದ ಕೆಲಸವನ್ನು ಬರೆದು ನಾನು ತಿಂಗಳಿಗೊಮ್ಮೆ ಹಾಲಿನ ಡೇರಿ ಗೋಡೆಗೆ ಅಂಟಿಸುವ ಹಾಳೆ ಅದು. ಬರೀ ಫೈಲ್ ಕಳಿಸಿದರೆ ಆಗುವ ಕೆಲಸ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 13 ಶಾಲೆಗಳ ಕ್ಲಸ್ಟರ್, ತುಮಕೂರು ಜಿಲ್ಲೆ. ಅತಿಥಿ ಶಿಕ್ಷಕರೂ ಸೇರಿ ನಲವತ್ತು ಚಿಲ್ಲರೆ ಶಿಕ್ಷಕರು, ಬಿಸಿಯೂಟದವರು ಇಪ್ಪತ್ತೈದರ ಆಸುಪಾಸು. 2022, ಕಲಿಕಾ ಚೇತರಿಕೆಯ ವರ್ಷ, ಕೋವಿಡ್‌ನಲ್ಲಿ ತಪ್ಪಿದ ಪಾಠವನ್ನು ತುಂಬಿಸುವ ಕಾರ್ಯಕ್ರಮ. ಎಲ್ಲರಿಗೂ ಸಾಕುಸಾಕಾಗಿತ್ತು. ಸೆಪ್ಟೆಂಬರ್ 5ರ ಪ್ರಶಸ್ತಿಯ ಕತೆ ನಿಮಗೆ ಗೊತ್ತೇ ಇದೆ. ನಾವೇ ಅರ್ಜಿ ಹಾಕಿ, ನಾವೇ ಫೋಟೋ ಅಂಟಿಸಿ, ಫೈಲ್ ದಪ್ಪ ಮಾಡಬೇಕು. (ನಾನೂ ಒಮ್ಮೆ ಹಾಕಿದ್ದೆ. ಸಿಗಲಿಲ್ಲ.) ಅಡುಗೆಯವರಿಗಂತೂ ಹಾಕಲು ಅರ್ಜಿಯೂ ಇಲ್ಲ.

ಮೊದಲು ಮಾಡಿದ್ದು 'ತಿಂಗಳ ಶಿಕ್ಷಕ'. ಶಾಲು 120, ಹಾರ 80, ಸ್ಮರಣಿಕೆ 350, ಫ್ಲೆಕ್ಸ್ ಮುನ್ನೂರರ ಮೇಲೆ, ಟೀ-ಖಾರ ಬೇರೆ. ಮೂರು ತಿಂಗಳಿಗೆ ನನ್ನ ಜೇಬಿನಿಂದ ಮೂರೂವರೆ ಸಾವಿರ ಹೋಯಿತು. ಆಯ್ಕೆಗೆ ಚೀಟಿಯಲ್ಲಿ ಮತ ಹಾಕಿಸಿದೆ, ಅದೇ ಮಹಾ ತಪ್ಪು. ಏಳು ಜನ ಇರುವ ಶಾಲೆಯವರೇ ಪ್ರತಿ ಸಲ ಗೆದ್ದರು, ಏಕೋಪಾಧ್ಯಾಯ ಶಾಲೆಯವರು ಚಪ್ಪಾಳೆ ತಟ್ಟಿದರು. ಮೂರನೇ ತಿಂಗಳು ಗೆದ್ದ ಮೇಡಂ ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಆಮೇಲೆ ಮೆಚ್ಚುಗೆಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದೆ. ಒಂದು ದಿನಕ್ಕೆ ಮೂವತ್ತು ಹೂಗುಚ್ಛ ಬಿದ್ದವು, ಓದಿದವರು ಇಬ್ಬರೋ ಮೂವರೋ.

ಆಗ ಕಾಗದಕ್ಕೆ ಬಂದೆ. ಎ3, ಒಂದೇ ಮಗ್ಗುಲು, ಕಪ್ಪು-ಬಿಳಿ. ಮೊದಲ ಸಂಚಿಕೆಯನ್ನು 'ನುಡಿ' ತಂತ್ರಾಂಶದಲ್ಲಿ ಟೈಪಿಸಿ ಪೆನ್‌ಡ್ರೈವ್‌ನಲ್ಲಿ ಒಯ್ದರೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟೇ ಇಲ್ಲ, ಕನ್ನಡವೆಲ್ಲ ಕಲಸುಮೇಲೋಗರ. ನೋಡದೆ ಇಪ್ಪತ್ತು ಪ್ರತಿ ತೆಗೆಸಿಬಿಟ್ಟಿದ್ದೆ. ಈಗ ಇಪ್ಪತ್ತು ಪ್ರತಿಗೆ 120 ರೂಪಾಯಿ, ತಿಂಗಳಿಗೆ ಅಷ್ಟೇ ಖರ್ಚು.

ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿ ಏನೂ ಪ್ರಯೋಜನವಾಗಲಿಲ್ಲ. ತಿರುಗಿದ್ದು ಡೇರಿ ಗೋಡೆಯಿಂದ. ಬೆಳಿಗ್ಗೆ-ಸಂಜೆ ಹಾಲು ಹಾಕಲು ಇಡೀ ಊರು ಅಲ್ಲಿಗೆ ಬರುತ್ತದೆ, ಸರದಿಯಲ್ಲಿ ನಿಂತವರಿಗೆ ಓದುವುದು ಬಿಟ್ಟು ಬೇರೆ ಕೆಲಸ ಇಲ್ಲ. ಮೊದಲ ಹಾಳೆಯನ್ನು ಮೇಕೆ ತಿಂದಿತು, ಮೈದಾ ಗೋಂದಿನ ರುಚಿಗೆ. ಮೈಲುತುತ್ತ ಬೆರೆಸಿ ಅಂದರು. ಮಕ್ಕಳು ಮುಟ್ಟುವ ಜಾಗ, ಬೇಡವೆಂದು ಆಳೆತ್ತರಕ್ಕೆ ಅಂಟಿಸಿದೆ.

ಬರೆಯುವಾಗ ಒಂದೇ ಕಟ್ಟುನಿಟ್ಟು: ಉತ್ತಮ, ಆದರ್ಶ, ಮಾದರಿ, ನಿಸ್ವಾರ್ಥ, ಈ ಪದಗಳು ಬರಕೂಡದು. ಏನು ಮಾಡಿದರು, ಯಾವತ್ತು ಮಾಡಿದರು, ಅಷ್ಟೇ. 'ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಮುರಿದು ವರ್ಷವಾಗಿತ್ತು. ಮಂಗಳವಾರ ಮೇಡಂ ಮನೆಯಿಂದ ಸ್ಕ್ರೂಡ್ರೈವರ್ ತಂದು ಹೊಸದು ಹಾಕಿದರು.' ಇದು ಬಂದ ವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಉಳಿದ ಎರಡು ಬಾಗಿಲನ್ನು ತಾವೇ ರಿಪೇರಿ ಮಾಡಿಸಿದರು. ನಾನು ಬಾಯಿಬಿಟ್ಟು ಕೇಳಿರಲಿಲ್ಲ.

ಒಂದು ಸಲ ಮಾತ್ರ ಕೆಟ್ಟದಾಗಿ ಎಡವಿದೆ. ಒಂದು ಶಾಲೆಯ ಅಡುಗೆಯವರು, ಇಬ್ಬರು ಮಕ್ಕಳು ಸೋಮವಾರ ಮಾತ್ರ ಮೂರನೇ ಸಲ ಅನ್ನ ಕೇಳುತ್ತಾರೆ ಎಂದು ಗಮನಿಸಿ, ಭಾನುವಾರ ಆ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ ಎಂದು ಮೇಷ್ಟ್ರಿಗೆ ತಿಳಿಸಿದ್ದರು. ಎಂಥ ಕಣ್ಣು ನೋಡಿ! ಹಾಗೇ ಅಚ್ಚು ಹಾಕಿದೆ. ಮಕ್ಕಳ ಹೆಸರು ಹಾಕಿರಲಿಲ್ಲ, ಆದರೆ ಆ ಊರಿಗೆ ಹೆಸರು ಬೇಕೇ? ಮರುದಿನ ತಾಯಿ ಶಾಲೆ ಗೇಟಿನಲ್ಲಿ ನಿಂತು, "ನಮ್ಮನೆ ಮಾನ ಡೇರಿ ಗೋಡೆಗೆ ಅಂಟಿಸ್ದೋನು ಯಾವನು?" ಅಂದಳು. ನಾನೇ ಹೋಗಿ ಕೈಮುಗಿದೆ. ಹಾಳೆ ಕಿತ್ತು ತಂದೆ. ಅಡುಗೆಯ ಅಕ್ಕ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಅಂದಿನಿಂದ ಮಕ್ಕಳ ಮನೆಯ ವಿಷಯ ಹಾಳೆಗೆ ಬಂದಿಲ್ಲ, ಎಷ್ಟೇ ಒಳ್ಳೆಯ ಸುದ್ದಿಯಾದರೂ. ಆ ಅಕ್ಕನ ಹೆಸರು ಆರು ತಿಂಗಳ ಮೇಲೆ, ನೀರಿನ ಡ್ರಮ್ಮಿಗೆ ನಲ್ಲಿ ಕೂರಿಸಿದ್ದಕ್ಕೆ ಬಂತು. ಆವತ್ತು ಅವರು ನನಗೆ ಟೀ ಕೊಟ್ಟರು.

ನಡುವೆ ಕ್ಯೂಆರ್ ಕೋಡ್ ಹಾಕಿ ನೋಡಿದೆ, ಒಬ್ಬರೂ ಸ್ಕ್ಯಾನ್ ಮಾಡಲಿಲ್ಲ. ಕೆಳಗೆ 'ನೀವೂ ಬರೆಯಿರಿ' ಎಂದು ಖಾಲಿ ಚೌಕ ಬಿಟ್ಟು ದಾರದಲ್ಲಿ ಪೆನ್ನು ಕಟ್ಟಿದೆ. ಮೊದಲ ವಾರ ಹಾಲಿನ ಬಟವಾಡೆ ತಡವಾದ ಬಗ್ಗೆ ಬೈಗುಳ, ಎರಡನೇ ವಾರ ಪಂಚಾಯಿತಿ ರಾಜಕೀಯ, ಮೂರನೇ ವಾರ ಪೆನ್ನೇ ಇಲ್ಲ. ಏಳನೇ ತರಗತಿಯವರಿಂದ ಹಾಳೆ ಓದಿಸಿ ರೆಕಾರ್ಡ್ ಮಾಡಿದ್ದು ಮಾತ್ರ ಚೆನ್ನಾಗಿ ಬಂತು. ಅದನ್ನೇ ಬೇರೆ ಬರೆಯಬೇಕು.

ಸುದ್ದಿ ನನಗೆ ಯಾರು ಕೊಡುತ್ತಾರೆ ಎಂದು ಮೇಲಿನ ಕಚೇರಿಯವರೂ ಕೇಳಿದ್ದಾರೆ. ಹೇಳಿಲ್ಲ, ಹೇಳುವುದೂ ಇಲ್ಲ. ಶಿಕ್ಷಕರಲ್ಲ, ಅಷ್ಟು ತಿಳಿದುಕೊಳ್ಳಿ. ಯಾವ ಶಾಲೆ ಯಾವ ತಿಂಗಳು ಎನ್ನುವುದಕ್ಕೂ ಒಂದು ಲೆಕ್ಕ ಇದೆ. 13ರಲ್ಲಿ ಯಾರೂ ಇವತ್ತಿನವರೆಗೆ "ನಮ್ಮದು ಬರಲಿಲ್ಲ" ಎಂದು ಬಂದಿಲ್ಲ, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಪಕ್ಕದ ಕ್ಲಸ್ಟರಿಗೆ ಫೈಲ್ ಕಳಿಸಿದ್ದೇನೆ, ಪಿಡಿಎಫ್ ಮಾಡಿಯೇ. ಡೇರಿ ಕಾರ್ಯದರ್ಶಿಯನ್ನು ಒಪ್ಪಿಸುವುದು ಅವರ ತಲೆನೋವು.