ಪಂಪ್ ಇಳಿಸುವ ಮೊದಲು ಹಳ್ಳದ ನೀರು ಅಳೆಯಿರಿ
ಫೆಬ್ರವರಿ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ಹಳ್ಳಗಳಿಗೆ ಪಂಪ್ ಇಳಿಯುತ್ತದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಬೇಕಲ್ವಾ? ಆದರೆ ಹಳ್ಳದಲ್ಲಿ ಎಷ್ಟು ನೀರಿದೆ ಅಂತ ಕೇಳಿದರೆ ಸಿಗುವುದು ಕಣ್ಣಂದಾಜು. ಇವೇ ಹಳ್ಳಗಳು ಹೇಮಾವತಿ ಸೇರಿ ಗೊರೂರಿನ ಅಣೆಕಟ್ಟಿಗೆ ಹೋಗುತ್ತವೆ. ಸರಿಯಾಗಿ ಅಳೆಯಲೇಬೇಕು.

ತಿರುವು, ಬಂಡೆ, ಗುಂಡಿ ಇಲ್ಲದ 10 ಮೀಟರ್ ನೇರ ಹರಿವು ಹುಡುಕಿ. ಎರಡೂ ತುದಿಯಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿ.

ಇನ್ನು ಆಳ. ಜಾಸ್ತಿ ಜನ ಎಡವುವುದು ಇಲ್ಲೇ. ನಡುವೆ ಒಂದು ಸಲ ಕೋಲು ಇಟ್ಟು ಮುಗಿಸಿಬಿಡುತ್ತಾರೆ. ಹಳ್ಳ ಒಂದೂವರೆ ಮೀಟರ್ ಅಗಲ ಇದೆ ಅನ್ನಿ. ದಡದಿಂದ ಪ್ರತಿ 25 ಸೆಂಟಿಮೀಟರಿಗೆ ಒಮ್ಮೆ ಆಳ ನೋಡಿ. 8, 16, 20, 18, 10 ಸೆಂಟಿಮೀಟರ್ ಬಂತು. ಕೂಡಿದರೆ 72. ಇದನ್ನು 5ರಿಂದ ಅಲ್ಲ, 6ರಿಂದ ಭಾಗಿಸಿ. ದಡದ ಹತ್ತಿರ ಆಳ ಸೊನ್ನೆ, ಅದೂ ಲೆಕ್ಕಕ್ಕೆ ಬರಬೇಕು. ಸರಾಸರಿ 12. ನಡುವಿನ 20 ಹಿಡಿದಿದ್ದರೆ ಇಲ್ಲದ ನೀರು ಕಾಗದದ ಮೇಲೆ ಹರಿಯುತ್ತಿತ್ತು! ಸ್ಕೇಲಿನ ಸಪೂರ ಅಂಚು ನೀರಿಗೆ ಎದುರಾಗಿರಲಿ, ಅಗಲ ಮುಖ ಕೊಟ್ಟರೆ ನೀರು ಏರಿ ನಿಲ್ಲುತ್ತದೆ. ಕೆಸರಿಗೆ ಒತ್ತಲೂಬೇಡಿ. ಎರಡೂ ಹಗ್ಗದ ಕೆಳಗೆ ಹೀಗೇ ಅಳೆದು ಸರಾಸರಿ ತೆಗೆಯಿರಿ.

ವೇಗಕ್ಕೆ ತೋಟದ ಕಿತ್ತಳೆ ಹಣ್ಣೇ ಸಾಕು. ಅದು ಬಹುಪಾಲು ಮುಳುಗಿ ತೇಲುತ್ತದೆ. ಖಾಲಿ ಬಾಟಲಿ, ಥರ್ಮೋಕೋಲ್ ಬೇಡವೇ ಬೇಡ, ಗಾಳಿ ಬೀಸಿದ ಕಡೆ ಓಡುತ್ತವೆ. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಹಿಂದೆ ಬಿಟ್ಟು, ಹಗ್ಗದಿಂದ ಹಗ್ಗಕ್ಕೆ ಸಮಯ ನೋಡಿ. ನಡುವೆ, ಎಡಕ್ಕೆ, ಬಲಕ್ಕೆ ಬಿಟ್ಟು ಸರಾಸರಿ ಮಾಡಿ.

40 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 0.25 ಮೀಟರ್. ಅಗಲ, ಸರಾಸರಿ ಆಳ, ವೇಗ ಮೂರನ್ನೂ ಮೀಟರಿನಲ್ಲಿ ಗುಣಿಸಿ: 1.5 × 0.12 × 0.25 = ಸೆಕೆಂಡಿಗೆ 0.045 ಘನ ಮೀಟರ್. ನೀರು ಮೇಲೆ ಜೋರು, ತಳದಲ್ಲಿ ನಿಧಾನ. ಅದಕ್ಕೆ 0.8ರಿಂದ ಗುಣಿಸಿ. 0.036 ಘನ ಮೀಟರ್, ಅಂದರೆ ಸೆಕೆಂಡಿಗೆ 36 ಲೀಟರ್.

ಬೆಳಗ್ಗೆ, ಮೇಲಿನ ತೋಟದ ಪಂಪ್ ಶುರುವಾಗುವ ಮೊದಲೇ ಅಳೆಯಿರಿ. ಮಳೆ ಬಂದ ಮರುದಿನದ ಲೆಕ್ಕ ನಂಬಬೇಡಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಡಿ. ನಿಮ್ಮ ಪಂಪ್ ಎತ್ತುವ ನೀರು ಹರಿವಿನ ಅರ್ಧ ದಾಟುತ್ತದೆ ಅಂದರೆ, ಕೆಳಗಿನ ತೋಟದವರ ಜೊತೆ ಕೂತು ಸರದಿ ಮಾಡಿಕೊಂಡೇ ಸ್ವಿಚ್ ಹಾಕಿ.