ಏಳು ಗಂಟೆಯ ವಾರ್ತೆ ನಂಬಿ ಟಿಕೆಟ್ ಮುಂದೂಡಬೇಡಿ

ಚೀನಾಕ್ಕೆ ಹೊಸದಾಗಿ ಬಂದವರಿಗೆ ವೀಚಾಟ್ (ಇಲ್ಲಿ ಸಂದೇಶಕ್ಕೂ ಹಣ ಪಾವತಿಗೂ ಬಳಸುವ ಆ್ಯಪ್), ಬಾಡಿಗೆ ಮನೆ, ಪೊಲೀಸ್ ಠಾಣೆಯ ನೋಂದಣಿಯ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ವಿದೇಶಿ ನಾಯಕರು ಬಂದಾಗ ಇಲ್ಲಿನ ಸರ್ಕಾರಿ ಸುದ್ದಿಯನ್ನು ಹೇಗೆ ಓದಬೇಕೆಂದು ಯಾರೂ ಹೇಳುವುದಿಲ್ಲ. ಗ್ವಾಂಗ್‌ಝೌನಲ್ಲಿ ನಾನು ಎಡವಿದ ಜಾಗದಲ್ಲೇ ಮತ್ತಿಬ್ಬರು ಎಡವಿದ್ದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

2025ರ ಆಗಸ್ಟ್ 31. ಪ್ರಧಾನಿ ಮೋದಿ ಏಳು ವರ್ಷಗಳ ನಂತರ ಚೀನಾಕ್ಕೆ ಬಂದು ತಿಯಾನ್‌ಜಿನ್‌ನಲ್ಲಿ ಷಿ ಜಿನ್‌ಪಿಂಗ್ ಅವರನ್ನು ಭೇಟಿಯಾದರು. ಸಂಜೆ ಏಳಕ್ಕೆ ಚೀನಾದ ಸರ್ಕಾರಿ ಟಿವಿ ವಾಹಿನಿ ಸಿಸಿಟಿವಿಯ ಅರ್ಧ ಗಂಟೆಯ ವಾರ್ತೆ ಹಾಕಿಕೊಂಡು ಕುಳಿತೆವು. ಬಾವುಟಗಳು, ಹಸ್ತಲಾಘವ, ಉದ್ದ ಮೇಜು. ನಾಯಕರ ತುಟಿ ಅಲುಗುತ್ತಿತ್ತು, ಕೇಳಿಸುತ್ತಿದ್ದುದು ವಾಚಕರ ದನಿ ಮಾತ್ರ. ಡ್ರ್ಯಾಗನ್ (ಚೀನಾ) ಮತ್ತು ಆನೆ (ಭಾರತ) ಜೊತೆಯಾಗಿ ನರ್ತಿಸಬೇಕು ಎಂಬ ಮಾತು ಬಂತು. ಎರಡು ದೇಶಗಳ ನಡುವೆ ನೇರ ವಿಮಾನ ಮತ್ತೆ ಆರಂಭವಾಗುತ್ತಿದೆ ಎಂದು ನಮ್ಮ ಪ್ರಧಾನಿಯೇ ಹೇಳಿದ್ದರು. ಮರುದಿನ ಯಾವ ಪತ್ರಿಕೆ ತೆರೆದರೂ ಅದೇ ಸಾಲುಗಳು. ಇಷ್ಟು ಕಡೆ ಬಂದಿದೆ ಎಂದರೆ ಕೆಲಸ ಮುಗಿದಂತೆಯೇ ಎಂದುಕೊಂಡೆ.

ಅಲ್ಲೇ ತಪ್ಪಿದ್ದು. ಹತ್ತು ಕಡೆ ಕಂಡರೂ ಅದು ಒಂದೇ ಸುದ್ದಿ. ಸರ್ಕಾರಿ ಸುದ್ದಿ ಸಂಸ್ಥೆ ಶಿನ್ಹುವಾ ಬರೆದುಕೊಟ್ಟ ಪಠ್ಯವನ್ನೇ ಎಲ್ಲರೂ ಅಚ್ಚು ಹಾಕುತ್ತಾರೆ. ಅದಕ್ಕೆ ‘ತೊಂಗ್‌ಗಾವ್’ ಎನ್ನುತ್ತಾರೆ. ಸಂಬಂಧ ಯಾವ ದಿಕ್ಕಿಗೆ ಸಾಗಬೇಕೆಂದು ಮೇಲಿನವರು ಬಯಸುತ್ತಾರೋ ಅದು ಅದರಲ್ಲಿರುತ್ತದೆ. ಯಾವಾಗ, ಯಾವ ಊರಿನಿಂದ, ಯಾವ ಕಂಪನಿ ಎಂಬುದು ಇರುವುದಿಲ್ಲ.

ದೀಪಾವಳಿಗೆ ನೇರವಾಗಿ ಹಾರಬಹುದೆಂದು ಬ್ಯಾಂಕಾಕ್ ಮೂಲಕ ಹೋಗುವ ಟಿಕೆಟ್ ಕೊಳ್ಳದೆ ಕಾದೆ. ಸೆಪ್ಟೆಂಬರ್ ಕಳೆಯಿತು, ದಿನಾಂಕ ಬರಲಿಲ್ಲ, ದರ ಏರುತ್ತಲೇ ಹೋಯಿತು. ಅಕ್ಟೋಬರ್ 2ರಂದು ಘೋಷಣೆ ಬಂತು: ಮೊದಲ ಹಾರಾಟ ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ, ಅಕ್ಟೋಬರ್ 26ಕ್ಕೆ. ಬಲಿಪಾಡ್ಯಮಿ ಇದ್ದದ್ದು 22ಕ್ಕೆ. ಕೊನೆಗೆ ಮೂವರ ಟಿಕೆಟ್‌ಗೆ ನಾಲ್ಕು ಸಾವಿರ ಯುವಾನ್ ಹೆಚ್ಚು ತೆತ್ತು ಊರಿಗೆ ಹೋದೆವು. ಮಗಳ ಶಾಲೆಯಲ್ಲಿ ಕೇಳಿದ್ದ ರಜೆಯನ್ನು ಎರಡು ಸಲ ಬದಲಿಸಬೇಕಾಯಿತು.

ಈಗ ಪದಗಳನ್ನು ತೂಗಿ ಓದುತ್ತೇನೆ. ‘ತಾನ್‌ಚೆಂಗ್’ (ಮನಬಿಚ್ಚಿ) ಮಾತನಾಡಿದರು ಎಂದಿದ್ದರೆ ಭಿನ್ನಾಭಿಪ್ರಾಯ ಇತ್ತೆಂದೇ ಲೆಕ್ಕ. ‘ಹುಯ್‌ತಾನ್’ ಎಂದರೆ ಸಮಾನ ಹುದ್ದೆಯವರ ವಿಧಿವತ್ತಾದ ಮಾತುಕತೆ, ‘ಹುಯ್‌ಜಿಯೆನ್’ ಎಂದರೆ ಭೇಟಿ. ಅದಕ್ಕಿಂತ ಮುಖ್ಯವಾಗಿ, ಎರಡೂ ದೇಶಗಳ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಿಯಾನ್‌ಜಿನ್ ಭೇಟಿಯ ಬಗ್ಗೆ ಚೀನಾದ ಹೇಳಿಕೆ, ಗಡಿ ಸಮಸ್ಯೆಯೊಂದೇ ಇಡೀ ಸಂಬಂಧವನ್ನು ನಿರ್ಧರಿಸಬಾರದು ಎಂಬುದಕ್ಕೆ ಒತ್ತು ಕೊಟ್ಟಿತು. ಸಂಬಂಧ ಬೆಳೆಯಲು ಗಡಿಯಲ್ಲಿ ಶಾಂತಿ ಬೇಕು ಎಂಬುದು ಭಾರತದ ಒತ್ತು. ವೀಸಾ, ವ್ಯಾಪಾರದಲ್ಲಿ ತಡ ಆಗುವುದು ಈ ಅಂತರದಲ್ಲಿಯೇ.

ಭಾರತದ ನಮ್ಮ ಟಿವಿಯ ಗಲಾಟೆ ನನಗೂ ಸಹಿಸಲಾಗುವುದಿಲ್ಲ. ಆದರೂ ಅದೇ ಮೇಲು ಎನ್ನುತ್ತೇನೆ, ಅಲ್ಲಿ ಯಾರಾದರೊಬ್ಬರು “ವಿಮಾನ ಯಾವಾಗ?” ಎಂದು ಗಟ್ಟಿಯಾಗಿ ಕೇಳುತ್ತಾರೆ.

ಒಂದು ಎಚ್ಚರಿಕೆ: ಭೇಟಿಯ ಚಿತ್ರಗಳಿಗೆ ಕುಚೋದ್ಯದ ಸಾಲು ಸೇರಿಸಿ ವೀಚಾಟ್ ಗುಂಪಿಗೆ ಹಾಕಬೇಡಿ. ಖಾತೆ ಮುಚ್ಚಿದರೆ ಹಣ ಪಾವತಿಯೂ ನಿಲ್ಲುತ್ತದೆ.

ಇನ್ನು ಟಿಕೆಟ್. ವಿಮಾನ ಕಂಪನಿಯ ವೇಳಾಪಟ್ಟಿಯಲ್ಲಿ ಸಂಖ್ಯೆ, ಸಮಯ, ದರ ಮೂರೂ ಕಾಣುವವರೆಗೆ ಆ ವಿಮಾನ ಇಲ್ಲವೆಂದೇ ತಿಳಿದು, ರದ್ದು ಮಾಡಬಹುದಾದ ಬೇರೊಂದನ್ನು ಇವತ್ತೇ ಕೊಳ್ಳಿ.