ಸಾಲದ ಕಾಗದದಾಗ ನಮ್ಮ ಅಂಗಡಿ ಹುಡುಕಿದ್ದು

ಹಾವೇರಿ ಜಿಲ್ಲೆಯ ಒಂದು ಪಟ್ಟಣದಲ್ಲಿ ರಾಜ್ಯ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗ ನಾನು ರಸ್ತೆ ಬದಿಯ ಡಬ್ಬಿ ಅಂಗಡಿಯವರ ಜೊತೆ ಇದ್ದೆ. ರಸ್ತೆಗೆ ದುಡ್ಡು ಬಂದದ್ದು ಒಂದು ಅಂತರರಾಷ್ಟ್ರೀಯ ಬ್ಯಾಂಕಿನ ಸಾಲದಿಂದ. ಊರು, ಬ್ಯಾಂಕು, ಇಲಾಖೆ ಯಾವುದರ ಹೆಸರೂ ಬರೆಯುವುದಿಲ್ಲ, ಆ ಜನ ಇವತ್ತಿಗೂ ಅದೇ ಕಚೇರಿಗಳಿಗೆ ಎಡತಾಕಬೇಕು. ಕೆಲಸ ಮಾಡಿದ ಬಗೆಯನ್ನಷ್ಟೇ ಹೇಳುತ್ತೇನೆ. ನಮ್ಮ ಭಾಗಕ್ಕೆ ಇಂಥ ಸಾಲ ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ರಸ್ತೆಗೂ, ಅವಳಿನಗರದ 24 ಗಂಟೆ ನೀರಿನ ಯೋಜನೆಗೂ ವಿಶ್ವಬ್ಯಾಂಕಿನ ದುಡ್ಡು ಬಂದಿದೆ. ರಾಣೆಬೆನ್ನೂರು, ಬ್ಯಾಡಗಿಯ ನೀರು-ಒಳಚರಂಡಿ ಕೆಲಸಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನದು ಬಂದಿದೆ. ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ಬರೆದಿರುವ ಆ ಹೆಸರನ್ನು ನಾವು ಓದುವುದಿಲ್ಲ, ಅಷ್ಟೆ.

ಅಂಗಡಿಯವರಿಗೆ ಮೊದಲು ಸಿಕ್ಕ ಉತ್ತರ ಎಲ್ಲ ಕಡೆ ಸಿಗುವಂಥದ್ದೇ. ‘ನಿಮ್ಮ ಹೆಸರಿಗೆ ಉತಾರ ಐತೇನು? ಇಲ್ಲಲ್ಲ? ಮತ್ತ ಪರಿಹಾರ ಎಲ್ಲಿಂದ ಬರ್ತೈತಿ? ಸರಕಾರಿ ಜಾಗಾದಾಗ ಕುಂತೀರಿ.’ ಹೀಗೆ ಹೇಳಿದವರು ಕೆಟ್ಟವರೇನಲ್ಲ. ಅವರಿಗೆ ಗೊತ್ತಿದ್ದ ಕಂದಾಯದ ರೂಢಿಯೇ ಹಾಗೆ. ಉತಾರ, ಅಂದರೆ ಜಾಗದ ಹಕ್ಕಿನ ಕಾಗದ, ಇಲ್ಲದವನು ಒತ್ತುವರಿದಾರ, ಅವನಿಗೆ ಕೊಡುವುದು ನೋಟಿಸು.

ಬ್ಯಾಂಕಿನ ಸಾಲ ಇರುವ ಕಡೆ ಮಾತ್ರ ಈ ರೂಢಿಯ ಮೇಲೆ ಇನ್ನೊಂದು ಕರಾರು ಕೂತಿರುತ್ತದೆ. ವಿಶ್ವಬ್ಯಾಂಕಿನ ಹಳೆಯ ಪುನರ್ವಸತಿ ನೀತಿಯಲ್ಲೂ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ 2009ರ ಸುರಕ್ಷತಾ ನೀತಿಯಲ್ಲೂ ಇದು ಇದೆ: ಜಮೀನಿನ ಹಕ್ಕುಪತ್ರ ಇಲ್ಲದವನಿಗೆ ಜಮೀನಿನ ಬೆಲೆ ಸಿಗದು, ಆದರೆ ಅವನು ಕಟ್ಟಿಕೊಂಡ ಶೆಡ್ಡಿಗೆ ಬೆಲೆ ಕೊಡಬೇಕು, ಹೊಟ್ಟೆಪಾಡು ಮತ್ತೆ ಸರಿಯಾಗಲು ನೆರವು ಕೊಡಬೇಕು. ಷರತ್ತು ಒಂದೇ. ಸಮೀಕ್ಷೆ ಮಾಡಿ ಗೊತ್ತುಮಾಡಿದ ಕಟ್ ಆಫ್ ದಿನಾಂಕಕ್ಕೆ ಅವನು ಅಲ್ಲಿ ಇದ್ದಿರಬೇಕು. ದುಡ್ಡು ಕೈಗೆ ಬಂದ ಮೇಲೆಯೇ ಜಾಗ ಖಾಲಿ ಮಾಡಿಸಬೇಕು. ಇದನ್ನು ಒಪ್ಪಿಯೇ ಸರಕಾರ ಸಾಲಕ್ಕೆ ಸಹಿ ಹಾಕಿರುತ್ತದೆ. ಸಾಲ ದಿಲ್ಲಿಯ ಮೂಲಕ ಬೆಂಗಳೂರಿಗೆ ಬಂದರೂ ತೀರಿಸುವುದು ನಮ್ಮ ತೆರಿಗೆಯಿಂದ. ಹಾಗಾಗಿ ಕರಾರು ಓದುವ ಹಕ್ಕು ಚಹಾ ಮಾರುವವಳಿಗೂ ಇದೆ ಎಂದೇ ನಾನು ಹೊರಟೆ.

ಗುತ್ತಿಗೆದಾರರ ಕ್ಯಾಂಪಿನ ಬೋರ್ಡಿನಿಂದ ಸಾಲದ ಹೆಸರು ಬರೆದುಕೊಂಡು ಬ್ಯಾಂಕಿನ ಜಾಲತಾಣದಲ್ಲಿ ಹುಡುಕಿದೆ. ಪುನರ್ವಸತಿ ಕ್ರಿಯಾ ಯೋಜನೆ ಅಲ್ಲೇ ಇತ್ತು, ದಪ್ಪ ಇಂಗ್ಲಿಷ್ ಪುಸ್ತಕ. ವಿಶ್ವಬ್ಯಾಂಕು 2010ರ ಜುಲೈಯಿಂದ ಇಂಥ ಕಾಗದಗಳನ್ನು ಹೊರಗಿಡುವ ನೀತಿ ತಂದಿದೆ, ಉಳಿದ ಬ್ಯಾಂಕುಗಳೂ ಹೆಚ್ಚುಕಮ್ಮಿ ಹಾಗೇ ಮಾಡಿವೆ. ಝೆರಾಕ್ಸ್ ಅಂಗಡಿಯಲ್ಲಿ ಬೇಕಾದ ಪುಟಗಳನ್ನಷ್ಟೇ ತೆಗೆಸಿದೆ: ಯಾರಿಗೆ ಏನು ಸಿಗಬೇಕು ಎಂಬ ಕೋಷ್ಟಕ, ಕುಂದುಕೊರತೆ ಸಮಿತಿಯ ಅಧ್ಯಾಯ, ಬಾಧಿತರ ಪಟ್ಟಿ ಇರುವ ಕಡೆಯ ಅನುಬಂಧ. ಕನ್ನಡದಲ್ಲಿ ಎರಡು ಹಾಳೆಯ ಸಾರ ಬರೆದು ಹಂಚಿದೆ. ಯೋಜನೆಯ ಪ್ರಕಾರ ಆ ಸಾರ ಕಚೇರಿಯಲ್ಲೇ ಸಿಗಬೇಕಿತ್ತು.

ನಿಜವಾದ ಕೆಲಸ ಇದ್ದದ್ದು ಅನುಬಂಧದಲ್ಲಿ. ಹೊರಗಿಟ್ಟ ಪ್ರತಿಯಲ್ಲಿ ಜನರ ಹೆಸರು ಅಳಿಸಿರುತ್ತಾರೆ, ಅದು ಸರಿಯೇ. ಉಳಿದಿದ್ದದ್ದು ಚೈನೇಜ್ ಸಂಖ್ಯೆ (ರಸ್ತೆಯ ಉದ್ದಕ್ಕೆ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ), ಎಡ-ಬಲ, ಶೆಡ್ಡಿನ ಬಗೆ, ಧಂದೆ. ‘ಇಷ್ಟನೇ ಕಿಲೋಮೀಟರು, ಎಡಬದಿ, ತಗಡಿನ ಶೆಡ್ಡು, ಚಹಾ.’ ಪಂಕ್ಚರ್ ಅಂಗಡಿಯ ಅಣ್ಣನನ್ನು ಕರೆದುಕೊಂಡು ಕಿಲೋಮೀಟರ್ ಕಲ್ಲಿನಿಂದ ಟೇಪು ಹಿಡಿದು ಹೊರಟೆ. ಒಂದೊಂದು ಅಂಗಡಿಯ ಮುಂದೆ ನಿಂತು ಸಂಖ್ಯೆ ಹೊಂದಿಸಿ, ಪಕ್ಕದಲ್ಲಿ ಹೆಸರು ಬರೆದೆವು. ನೋಡಿದವರಿಗೆ ನಾವೇ ಸರ್ವೆಯವರು ಅನ್ನಿಸಿ, ‘ನಮ್ಮದೊಂದೀಟು ಬಿಟ್ಟು ಬರೀರಿ ಸರ’ ಎಂದು ಕೈಮುಗಿದವರೂ ಇದ್ದರು. ಪಟ್ಟಿಯಲ್ಲಿ ಸೇರಿದರೆ ಅಂಗಡಿ ಹೋಗುತ್ತದೆ ಎಂಬ ಹೆದರಿಕೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಂಗಡಿಯೂ ಹೋಗಿ ದುಡ್ಡೂ ಇಲ್ಲ ಎಂದು ತಿಳಿಸಿ ಹೇಳಲು ಟೇಪು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಸ್‌ಸ್ಟ್ಯಾಂಡಿನಿಂದ ಆಚೆ ಒಂದು ತುಂಡು ರಸ್ತೆಯಲ್ಲಿ ಮಾತ್ರ ಲೆಕ್ಕ ತಾಳೆಯಾಗಲಿಲ್ಲ. ಎದುರಿಗೆ ಸಾಲಾಗಿ ಅಂಗಡಿ ಇವೆ, ಕಾಗದದಲ್ಲಿ ಏನೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಸಮೀಕ್ಷೆಯ ಮೂಲ ನಮೂನೆಗಳನ್ನು ಕೇಳಿದೆವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಈ ಮಿತಿ ಎಷ್ಟೋ ಜನಕ್ಕೆ ಕಿರಿಕಿರಿ, ನನಗೆ ಅನುಕೂಲವೇ ಆಗಿದೆ. ಉದ್ದ ಅರ್ಜಿ ಬರೆದರೆ ಉತ್ತರ ತಪ್ಪಿಸಲು ಜಾಗ ಹೆಚ್ಚು. 30 ದಿನದೊಳಗೆ ಬರಬೇಕಾದ ಉತ್ತರ ಮೇಲ್ಮನವಿ ಹಾಕಿದ ಮೇಲೆ ಬಂತು. ಆ ತುಂಡಿನ ಸಮೀಕ್ಷೆಯ ತಾರೀಖು ಓದಿ ಹೇಳಿದ ಕೂಡಲೆ ಚಹಾದಂಗಡಿ ಅಕ್ಕ ಕೆಟಲ್ಲು ಕೆಳಗಿಟ್ಟಳು.

‘ಬನದ ಹುಣ್ಣಿವಿ ಅಲ್ಲೇನ್ರಿ ಅದು? ಅವತ್ತ ನಾವೆಲ್ಲಾ ಯಲ್ಲಮ್ಮನ ಗುಡ್ಡಕ್ಕ ಹೋಗಿದ್ವಲ್ಲ! ಅಂಗಡಿ ತಗದವರ ಯಾರಿದ್ರು?’

ಸಮೀಕ್ಷೆಯವರು ಹೊರಗಿನವರು. ಮುಚ್ಚಿದ ತಗಡು ಕಂಡಿದೆ, ಬಿಟ್ಟುಹೋದ ಶೆಡ್ಡು ಎಂದು ಮುಂದೆ ಹೋಗಿದ್ದಾರೆ. ಈಗ ನಾವು ತೋರಿಸಬೇಕಾದದ್ದು ಇಷ್ಟೇ: ಆ ತಾರೀಖಿನ ಹಿಂದೆ ಮುಂದೆ ಇವರು ಇಲ್ಲಿಯೇ ವ್ಯಾಪಾರ ಮಾಡುತ್ತಿದ್ದರು.

ಆಧಾರ್ ಕಾರ್ಡು, ರೇಷನ್ ಕಾರ್ಡು ಇದಕ್ಕೆ ಉಪಯೋಗವಿಲ್ಲ, ಅವು ಮನೆಯ ವಿಳಾಸ ಹೇಳುತ್ತವೆ. ಕೆಲಸಕ್ಕೆ ಬಂದದ್ದು ಪಿಗ್ಮಿ ಪುಸ್ತಕ. ದಿನಾ ಸಂಜೆ ಪಿಗ್ಮಿ ಹುಡುಗ ಅಂಗಡಿಗೇ ಬಂದು ಇಪ್ಪತ್ತೋ ಐವತ್ತೋ ಇಸಕೊಂಡು ತಾರೀಖು ಹಾಕಿ ಹೋಗುತ್ತಾನೆ. ಹುಣ್ಣಿಮೆಯ ಎಡಬಲ ಎರಡು ದಿನ ಖಾಲಿ, ಅದರ ಹಿಂದೆ ಮುಂದೆ ತಪ್ಪದೆ ಜಮಾ. ಬೆಂಗಳೂರಿನ ಯಾವ ಸಲಹೆಗಾರನೂ ಇಷ್ಟು ಚಂದದ ದಾಖಲೆ ತಯಾರು ಮಾಡಲಾರ. ಇದರ ಜೊತೆಗೆ ಪುರಸಭೆಯ ನೆಲಬಾಡಿಗೆ ಚೀಟಿಗಳು, ಮೀಟರು ಇದ್ದವರ ಹೆಸ್ಕಾಂ ಬಿಲ್ಲು, ಗ್ಯಾಸ್ ಸಿಲಿಂಡರಿನ ರಸೀದಿ. ಮೂವರ ಹತ್ತಿರ ಏನೂ ಇರಲಿಲ್ಲ. ಅವರಿಗೆ ಅಕ್ಕಪಕ್ಕದವರ ಹೇಳಿಕೆ ಬರೆಸಿದೆವು, ಅದು ದುರ್ಬಲವೆಂದು ಗೊತ್ತಿದ್ದರೂ.

ಇಷ್ಟೆಲ್ಲ ಹೊಲಿದು ಮೊದಲು ಕೊಟ್ಟದ್ದು ಸ್ಥಳೀಯ ಕುಂದುಕೊರತೆ ಸಮಿತಿಗೆ. ಅಲ್ಲಿ ನ್ಯಾಯ ಸಿಗುತ್ತದೆಂಬ ಭರವಸೆ ನನಗೆ ಇರಲಿಲ್ಲ. ಆದರೆ ಕೆಳಗಿನ ಬಾಗಿಲು ತಟ್ಟದೆ ಮೇಲೆ ಹೋದರೆ ಮೇಲಿನವರು ತಿರುಗಿ ಕಳಿಸುತ್ತಾರೆ. ಟಪಾಲು ವಿಭಾಗದಲ್ಲಿ ‘ಸಮಿತಿ ಅಂದ್ರ ಯಾವುದ್ರಿ?’ ಎಂದು ನಮ್ಮನ್ನೇ ಕೇಳಿದರು. ಯೋಜನೆಯ ಪುಟ ತೆಗೆದು ತೋರಿಸಿದೆ. ಸ್ವೀಕೃತಿ ಮುದ್ರೆ ಮತ್ತು ನಂಬರು ಬೀಳುವವರೆಗೆ ಕಟಕಟೆ ಬಿಟ್ಟು ಕದಲಲಿಲ್ಲ. ಸಮಿತಿ ಸೇರಲಿಲ್ಲ. ಯೋಜನೆಯಲ್ಲಿ ಬರೆದ ಗಡುವು ದಾಟಿತು. ಆ ಗಡುವು ದಾಟಿದ್ದೇ ಬ್ಯಾಂಕಿಗೆ ಬರೆಯಬೇಕೆಂದಿದ್ದ ನಮ್ಮ ಮುಂದಿನ ಪತ್ರದ ಮೊದಲ ಸಾಲಾಯಿತು.

ಈ ಹೊತ್ತಿಗೆ ಊರೊಳಗೆ ಗುಸುಗುಸು ಶುರು. ‘ನಿಮ್ಮ ಕಾಲಾಗ ರಸ್ತೆ ನಿಂತೈತಿ’ ಎಂದು ಧೂಳು ಕುಡಿಯುತ್ತಿದ್ದ ಉಳಿದವರ ಸಿಟ್ಟು. ರಸ್ತೆ ಬೇಡ ಎಂದು ನಾವು ಒಮ್ಮೆಯೂ ಹೇಳಿರಲಿಲ್ಲ. ‘ಮೊದಲ ಅರ್ಜಿ ವಾಪಸ್ ತಗೋರಿ, ಆಮ್ಯಾಲ ನೋಡೂಣು’ ಎಂಬ ರಾಜಿಯ ಮಾತೂ ಬಂತು. ನಮ್ಮ ಕಡೆಯವರೇ ಆದ ರೈತ ಸಂಘದ ಹಿರಿಯ ಗೆಳೆಯರೊಬ್ಬರ ಆಕ್ಷೇಪ ಬೇರೆ ಥರದ್ದು: ‘ಬ್ಯಾಂಕಿಗೆ ದೂರು ಕೊಡೂದಂದ್ರ ಬ್ಯಾಂಕಿನ ಯಜಮಾನಿಕೆ ಒಪ್ಪಿದಂಗ ಅಲ್ಲೇನು?’

ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇದೇ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗರ ಜೊತೆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿ, ಗೋಮಾಳದ ನೀಲಗಿರಿ ಸಸಿ ಕಿತ್ತು ಜನಕ್ಕೆ ಬೇಕಾದ ಗಿಡ ಹಚ್ಚಿದರು. ಹಳ್ಳಿಯ ಸಾಮೂಹಿಕ ಜಮೀನನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ಡಿಗೆ ಕೊಟ್ಟದ್ದರ ವಿರುದ್ಧದ ಹೋರಾಟ ಅದು. ರಾಜ್ಯದ ಸಾಮಾಜಿಕ ಅರಣ್ಯಕ್ಕೆ ವಿಶ್ವಬ್ಯಾಂಕು ಮತ್ತು ಬ್ರಿಟನ್ ಹಣ ಕೊಡುತ್ತಿದ್ದ ಕಾಲವೂ ಅದೇ. ಕಂಪನಿ 1991ರಲ್ಲಿ ಮುಚ್ಚಿತು. ಆ ಜನ ಕೇಳಿದ್ದು ಇಂಥ ಯೋಜನೆಯೇ ಯಾಕೆ ಬೇಕು ಎಂಬ ಪ್ರಶ್ನೆ. ನಾವು ಕೇಳುತ್ತಿದ್ದದ್ದು ಬರೆದುಕೊಟ್ಟ ಹಾಗೆ ನಡೆದುಕೊಂಡಿರಾ ಎಂಬ ಸಣ್ಣ ಪ್ರಶ್ನೆ. ಸಣ್ಣದೆಂದು ಒಪ್ಪುತ್ತೇನೆ. ಆದರೆ ಆ ಸಣ್ಣ ಪ್ರಶ್ನೆಗೆ ಬಾಗಿಲು ತೆರೆದದ್ದೂ ದೊಡ್ಡ ಹೋರಾಟವೇ. ನರ್ಮದೆಯ ಜನರ ಒತ್ತಡಕ್ಕೆ ವಿಶ್ವಬ್ಯಾಂಕು ನೇಮಿಸಿದ ಮೋರ್ಸ್ ಆಯೋಗ 1992ರಲ್ಲಿ ವರದಿ ಕೊಟ್ಟಿತು, 1993ರ ಮಾರ್ಚಿನಲ್ಲಿ ಸರ್ದಾರ್ ಸರೋವರ ಅಣೆಕಟ್ಟಿನ ಉಳಿದ ಸಾಲ ರದ್ದಾಯಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಮೇಲೆಯೇ ಬಾಧಿತರು ಕೊಡುವ ದೂರು ಕೇಳಲು ಅದರೊಳಗೇ ತಪಾಸಣಾ ಸಮಿತಿ ಹುಟ್ಟಿತು. ಇವತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೂ, ಬೀಜಿಂಗಿನ ಏಷ್ಯನ್ ಮೂಲಸೌಕರ್ಯ ಬ್ಯಾಂಕಿಗೂ ಅಂಥದೇ ವ್ಯವಸ್ಥೆ ಇದೆ. ಸಾಲ ಖಾಸಗಿ ಕಂಪನಿಗೆ ವಿಶ್ವಬ್ಯಾಂಕಿನ ಬಳಗದ್ದೇ ಆದ ಐಎಫ್‌ಸಿಯಿಂದ ಹೋಗಿದ್ದರೆ ಬಾಗಿಲು ಬೇರೆ, 1999ರಿಂದ ಇರುವ ಸಿಎಒ ಎಂಬ ದೂರು ಕಚೇರಿ.

ಈ ವ್ಯವಸ್ಥೆಗಳ ಬಗ್ಗೆ ಜನರಿಗೆ ಮೊದಲೇ ಬಿಡಿಸಿ ಹೇಳಿದ್ದು ಒಂದೇ ಮಾತು: ಇದು ಕೋರ್ಟಲ್ಲ. ತಪಾಸಣಾ ಸಮಿತಿ ಯಾರಿಗೂ ಪರಿಹಾರ ಮಂಜೂರು ಮಾಡುವುದಿಲ್ಲ, ಗುತ್ತಿಗೆದಾರನಿಗೆ ದಂಡ ಹಾಕುವುದಿಲ್ಲ. ಬ್ಯಾಂಕು ತನ್ನ ನಿಯಮ ತಾನೇ ಪಾಲಿಸಿದೆಯೇ ಎಂದು ನೋಡುತ್ತದೆ. ಹಾಗೆ ನೋಡಿದ್ದರಿಂದ ಏನಾಗಬಹುದು ಎನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತಿದ್ದೆ. ಮುಂಬೈ ನಗರ ಸಾರಿಗೆ ಯೋಜನೆಯಲ್ಲಿ ಅಂಗಡಿಕಾರರು 2004ರಲ್ಲಿ ದೂರು ಕೊಟ್ಟರು, ಸಮಿತಿಯ ತನಿಖೆಯ ನಂತರ 2006ರ ಮಾರ್ಚಿನಲ್ಲಿ ವಿಶ್ವಬ್ಯಾಂಕು ರಸ್ತೆ ಮತ್ತು ಪುನರ್ವಸತಿ ಭಾಗದ ಹಣವನ್ನೇ ಕೆಲವು ತಿಂಗಳು ತಡೆಹಿಡಿಯಿತು. ನಮ್ಮದೇ ರಾಜ್ಯದ ನಾಗರಹೊಳೆಯ ಆದಿವಾಸಿಗಳ ಪರವಾಗಿ 1998ರಲ್ಲಿ ಹೋದ ದೂರಿಗೆ ಸಮಿತಿ ತನಿಖೆ ಆಗಲಿ ಎಂದರೂ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಎರಡನ್ನೂ ಹೇಳದೆ ಸಹಿ ಕೇಳುವುದು ಸರಿಯಲ್ಲ.

ಸಹಿಗೆ ಹೆದರಿದವರಿಗೆ ಧೈರ್ಯ ಬಂದದ್ದು ಇಬ್ಬರು ಬಾಧಿತರಿದ್ದರೆ ಸಾಕು, ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು, ಕನ್ನಡದಲ್ಲೇ ಬರೆಯಬಹುದು ಎಂದು ತಿಳಿದಾಗ. ಆದರೆ ಅದಕ್ಕೂ ಮುಂಚೆ ಬ್ಯಾಂಕಿನ ಯೋಜನಾ ಸಿಬ್ಬಂದಿಗೆ ತಿಳಿಸಿರಬೇಕೆಂಬ ನಿಯಮವಿದೆ. ಹಾಗಾಗಿ ದಿಲ್ಲಿ ಕಚೇರಿಗೆ ಪತ್ರ ಬರೆದೆವು. ನಮ್ಮವರು ಬರೆದ ಮೊದಲ ಕರಡಿನಲ್ಲಿ ಕಷ್ಟದ ಕಥೆಯೇ ತುಂಬಿತ್ತು, ಮಕ್ಕಳ ಫೀ, ಸೊಸಾಯಿಟಿ ಸಾಲ. ಅದೆಲ್ಲ ನಿಜ. ನಾನು ಅದನ್ನು ಹಿಂದಿನ ಪುಟಕ್ಕೆ ಸರಿಸಿ, ಮುಂದೆ ಹೀಗೆ ಬರೆದೆ: ನಿಮ್ಮ ಯೋಜನೆಯ ಇಂಥ ಪ್ಯಾರಾ ಹೀಗೆ ಹೇಳುತ್ತದೆ, ಇಂಥ ಚೈನೇಜಿನಿಂದ ಇಂಥಲ್ಲಿಯವರೆಗೆ ಹಾಗಾಗಿಲ್ಲ, ಆಧಾರ ಇಲ್ಲಿದೆ, ಕೆಳಗಿನ ಸಮಿತಿಗೆ ಕೊಟ್ಟ ಅರ್ಜಿಯ ನಂಬರು ಇದು. ಕೊನೆಯಲ್ಲಿ ದೂರು ವ್ಯವಸ್ಥೆಗೂ ಪ್ರತಿ ಕಳಿಸುವುದಾಗಿ ಒಂದು ಸಾಲು. ಆ ಸಾಲಿನ ತೂಕ ಉಳಿದ ಪುಟಗಳಿಗೆಲ್ಲ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಒಳಗಿನ ಅಧಿಕಾರಿಗೆ ತನ್ನ ಯೋಜನೆಯ ಹೆಸರು ದೂರುಗಳ ಪಟ್ಟಿಯಲ್ಲಿ ಬರುವುದು ಬೇಕಿರುವುದಿಲ್ಲ.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಬಾಗಿಲು ಸದಾ ತೆರೆದಿರುವುದಿಲ್ಲ. ವಿಶ್ವಬ್ಯಾಂಕಿನಲ್ಲಿ ಮೊದಲು ಶೇಕಡಾ 95 ಹಣ ಬಿಡುಗಡೆಯಾದರೆ ದೂರು ತೆಗೆದುಕೊಳ್ಳುತ್ತಿರಲಿಲ್ಲ. 2020ರ ತಿದ್ದುಪಡಿಯ ನಂತರದ ಯೋಜನೆಗಳಿಗೆ ಸಾಲ ಮುಗಿದ ಮೇಲೆ 15 ತಿಂಗಳ ಅವಕಾಶವಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನಲ್ಲಿ ಎರಡು ವರ್ಷ. ಕಾಗದದಲ್ಲಿ ಅಷ್ಟು ಅವಧಿ ಇದ್ದರೂ ಕೊನೆಯ ಕಂತು ಹೋದ ಮೇಲೆ ಬ್ಯಾಂಕಿನ ಕೈಯಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಸಿಮೆಂಟು ಒಣಗಿದ ಮೇಲೆ ಬರುವವರಿಗೆ ನಾನು ಹೆಚ್ಚು ಆಸೆ ಹಚ್ಚುವುದಿಲ್ಲ.

ದಿಲ್ಲಿಯಿಂದ ಬಂದ ಪುನರ್ವಸತಿ ತಜ್ಞೆ ಕಚೇರಿಗೆ ಹೋಗುವ ಮೊದಲು ಚಹಾದಂಗಡಿಗೆ ಬಂದರು. ಪಿಗ್ಮಿ ಪುಸ್ತಕವನ್ನು ಪುಟ ಪುಟ ಮೊಬೈಲಿನಲ್ಲಿ ತೆಗೆದುಕೊಂಡರು. ಬಿಟ್ಟುಹೋದ ತುಂಡಿನ ಮರುಸಮೀಕ್ಷೆ ಆಯಿತು, ಹೆಚ್ಚಿನವರ ಹೆಸರು ಸೇರಿತು, ಶೆಡ್ಡಿನ ಬೆಲೆ ಮತ್ತು ಸ್ಥಳಾಂತರದ ನೆರವು ಖಾತೆಗೆ ಬಿತ್ತು. ದೂರು ವ್ಯವಸ್ಥೆಯ ಬಾಗಿಲು ತಟ್ಟುವ ಪ್ರಮೇಯ ಬರಲಿಲ್ಲ. ಆಗಲೇ ಶೆಡ್ಡು ಕಿತ್ತುಕೊಂಡು ಊರು ಬಿಟ್ಟಿದ್ದವರಲ್ಲಿ ಕೆಲವರು ಫೋನಿಗೂ ಸಿಗಲಿಲ್ಲ. ಬರೀ ಹೇಳಿಕೆ ಕೊಟ್ಟಿದ್ದ ಮೂವರಲ್ಲಿ ಒಬ್ಬರದಷ್ಟೇ ಒಪ್ಪಿಗೆಯಾಯಿತು.

ಗೋಣಿಚೀಲ ಹಾಸಿಕೊಂಡು ಒಣಮೆಣಸಿನಕಾಯಿ, ಬಳ್ಳೊಳ್ಳಿ ಮಾರುವ ಹೆಣ್ಣುಮಕ್ಕಳು ಪೂರಾ ಹೊರಗುಳಿದರು. ಅವರಿಗೆ ಶೆಡ್ಡು ಇಲ್ಲ. ಯೋಜನೆಯ ಕೋಷ್ಟಕದಲ್ಲಿ ಅವರು ತಿರುಗಾಡುವ ವ್ಯಾಪಾರಿಗಳು, ಜಾಗ ಬದಲಿಸಿದರೆ ಮುಗಿಯಿತು ಎಂದು ಲೆಕ್ಕ. ಅದೇ ಬೇವಿನಮರದ ಕೆಳಗೆ ವರ್ಷಾನುಗಟ್ಟಲೆ ಕೂತವರು ಅವರು. ಆದರೆ ನಿಯಮವೇ ಹಾಗಿರುವಾಗ ನಿಯಮ ಮುರಿದಿರಿ ಎಂಬ ದೂರು ನಿಲ್ಲುವುದಿಲ್ಲ. ನಮ್ಮ ದಾರಿಯ ಮಿತಿ ಇಷ್ಟು. ಅವರ ಅರ್ಜಿಗಳನ್ನು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಅಡಿ ಪುರಸಭೆಗೆ ಹಾಕಿದ್ದೇವೆ. ಗುರುತಿನ ಚೀಟಿ ಬಂದಿದೆ, ಜಾಗ ಇನ್ನೂ ಗೊತ್ತುಮಾಡಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಮುಂದಿನ ಸಭೆಗೆ ಅವರಲ್ಲೇ ಇಬ್ಬರು ಹೋಗುವವರಿದ್ದಾರೆ.